ಗಾಡಿಯ ಮೇಲಿನ ಗುಮಾನಿ

ನವೆಂಬರ್ 4, ಸೋಮವಾರ

ಗಾಡಿ ನಾರುತ್ತಿದೆ. ಇದಕ್ಕಿಂತ ಮರ್ಯಾದೆಯ ಶಬ್ದ ಹುಡುಕಿದೆ, ಸಿಗಲಿಲ್ಲ. ಕೊಪ್ಪಳದಿಂದ ಯಲಬುರ್ಗಾ ಸಂತೆಗೆ ಹೋಗಿ ಬರುವಷ್ಟರಲ್ಲಿ ಅರ್ಧ ಸುಟ್ಟ ಪೆಟ್ರೋಲಿನ ವಾಸನೆ ಮೂಗಿನೊಳಗೆ ಹೊಕ್ಕು, ಬಾಡಿಗೆ ಕೊಡದ ಬಿಡಾರದವನ ಹಾಗೆ ಕಾಲು ಚಾಚಿ ಕೂತುಬಿಟ್ಟಿತು.

ಬೇರೆಯವರ ಗಾಡಿ ನಾರಿದರೆ ನಡೆದೀತು. ಕೋಳಿ ಮಾರುವವನದು ನಾರಲಿ, ಗೊಬ್ಬರ ಮಾರುವವನದು ನಾರಲಿ. ನಾನು ಅತ್ತರು ಮಾರುವವನು. ಇಪ್ಪತ್ತೆರಡು ವರ್ಷದಿಂದ ಒಂದು ಮರದ ಪೆಟ್ಟಿಗೆ, ಒಳಗೆ ನಲವತ್ತು ಶೀಸೆ, ಬೈಕಿನ ಹಿಂದಿನ ಸೀಟಿಗೆ ಒಂದು ಹಗ್ಗ. ಬಿ.ಎ.ಗೆ ಕನ್ನಡ ಐಚ್ಛಿಕ ಓದಿದ್ದರಿಂದ ಆದ ಲಾಭ ಒಂದೇ, ಪೆಟ್ಟಿಗೆಯ ಮುಚ್ಚಳದ ಮೇಲೆ ನಾನೇ ಕಟ್ಟಿದ ಎರಡು ಸಾಲು:

ಹಚ್ಚಿಕೊಂಡರೆ ಹತ್ತಿರ ಬರುವರು,
ಹಚ್ಚದಿದ್ದರೆ ಹಾದು ಹೋಗುವರು.

ಇವತ್ತು ನನ್ನ ಅತ್ತರು ನನಗೇ ಹತ್ತಿರ ಬರುವಂತಿರಲಿಲ್ಲ. ಗುಲಾಬಿಯ ಶೀಸೆ ತೆರೆದರೂ ಪೆಟ್ರೋಲು, ಮಲ್ಲಿಗೆಯದು ತೆರೆದರೂ ಪೆಟ್ರೋಲು. ಹಾಳು ಗಾಡಿ ಪೆಟ್ಟಿಗೆಯೊಳಗೂ ಉಗುಳಿದೆ. ಸಂತೆಯಲ್ಲಿ ಒಬ್ಬ ಮುದುಕ ಮುಂಗೈಗೆ ಹಚ್ಚಿಸಿಕೊಂಡು, ಕಣ್ಣು ಮುಚ್ಚಿ, "ಛಲೋ ಐತಿ ಬಿಡಪಾ" ಅಂದ. ಅವನ ಮೂಗಿಗೊಂದು ದೊಡ್ಡ ಸಲಾಮು. ಸತ್ತ ಮೂಗು ಹೊತ್ತುಕೊಂಡು ಜನ ಎಷ್ಟು ಸುಖವಾಗಿದ್ದಾರೆ!

ಇದೆಲ್ಲ ಶುರುವಾದದ್ದು ಹೋದ ತಿಂಗಳ ಜ್ವರ, ನೆಗಡಿಯ ನಂತರ. ಹತ್ತು ದಿನ ನಾನು ಮಲಗಿದ್ದೆ, ಗಾಡಿ ನಿಂತಿತ್ತು. ನಿಂತ ಗಾಡಿ ಕೆಡುತ್ತದೆ. ಮಲಗಿದ ಮನುಷ್ಯ ಮೊದಲಿನಂತೆ ಎದ್ದು ಕೂರುತ್ತಾನೆ. ಅಷ್ಟೇ ವ್ಯತ್ಯಾಸ.

ನವೆಂಬರ್ 7, ಗುರುವಾರ

ಗಾಳೆಪ್ಪನ ಗ್ಯಾರೇಜಿಗೆ ಹೋದೆ. ಏರ್ ಫಿಲ್ಟರ್ ಬದಲಿಸಿದ, ಪ್ಲಗ್ ಬದಲಿಸಿದ, ಟ್ಯಾಂಕ್ ತೊಳೆದ. ಕೊನೆಗೆ ಗಾಡಿ ಚಾಲೂ ಮಾಡಿ ಸೈಲೆನ್ಸರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಮೂಸಿದ.

"ಏನೂ ನಾರವಲ್ದು, ವಾಹೀದಣ್ಣಾ."

"ಸರಿಯಾಗಿ ಮೂಸು."

"ಮೂಸೀನಲ್ಲೋ ಮಾರಾಯಾ. ಇನ್ನೇನ್ ಅದರೊಳಗ ಮಾರಿ ಇಟ್ಟು ಮಲಗ್ಲೇನು?"

ಮೂವತ್ತು ವರ್ಷ ಗುಟ್ಕಾ ಜಗಿದವನ ಮೂಗನ್ನು ಸಾಕ್ಷಿಗೆ ಕರೆದದ್ದೇ ನನ್ನ ತಪ್ಪು. ಅವನ ಬಾಯಿಯಿಂದಲೂ ಪೆಟ್ರೋಲಿನ ವಾಸನೆ ಬರುತ್ತಿತ್ತು. ಟ್ಯೂಬಿನಿಂದ ಬಾಯಲ್ಲಿ ಎಳೆದಿರಬೇಕು.

ನಾನು ಬಿಡುವವನಲ್ಲ ಎಂದು ಗೊತ್ತಾದ ಮೇಲೆ ಅಂದ: "ಇದು ಇಂಜೆಕ್ಷನ್ ಗಾಡಿ. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು ಅನ್ನೂದು ಸೀಟಿನ ಬುಡದಾಗಿನ ಸಣ್ಣ ಡಬ್ಬಿಯೊಳಗ ಬರದಿರ್ತೈತಿ. ಅದಕ್ಕ ನಮ್ಮ ಪಾನಾ ಹತ್ತಂಗಿಲ್ಲ. ಗಂಗಾವತ್ಯಾಗ ಯಂಕೇಶ ಅಂತ ಒಬ್ಬಾಂವ ಅದಾನ. ಲ್ಯಾಪ್‌ಟಾಪ್ ಹಚ್ಚಿ, ಆ ಬರಹಾನ ಅಳಿಸಿ, ನಿಮ್ಮ ಗಾಡಿಗೆ ಅಂತನ ಬ್ಯಾರೆ ಬರೀತಾನ. ಟ್ಯೂನಿಂಗ್ ಅಂತಾರ."

"ಎಷ್ಟು ತಗೋತಾನ?"

"ಹನ್ನೆರಡು ಸಾವಿರ."

ಬರವಣಿಗೆಗೆ ಹನ್ನೆರಡು ಸಾವಿರ! ನಾನೂ ಬರೆಯುತ್ತೇನೆ, ಒಂದು ಬೀಡಿ ಕೂಡ ಯಾರೂ ಕೊಟ್ಟಿಲ್ಲ.

ಮನೆಗೆ ಬಂದರೆ ಜರೀನಾ ಉಳ್ಳಾಗಡ್ಡಿ ಹುರಿಯುತ್ತಿದ್ದಳು. ಸುಟ್ಟ ಟಯರಿನಂತೆ ನಾರಿತು. ಎಣ್ಣೆ ಕಲಬೆರಕೆಯದು ಎಂದೆ. ಅವಳು ನನ್ನ ಮುಖ ನೋಡಿದಳು, ಎಣ್ಣೆಯ ಪಾಕೀಟು ನೋಡಲಿಲ್ಲ.

ನವೆಂಬರ್ 10, ರವಿವಾರ

ಕುಷ್ಟಗಿಯ ಅಡತಿ ಅಂಗಡಿ ಅಂದಪ್ಪನವರ ಮಗಳ ಮದುವೆ, ಡಿಸೆಂಬರ್ ಹನ್ನೆರಡಕ್ಕೆ. ಬಂದವರಿಗೆಲ್ಲ ಕೊಡಲು ಮುನ್ನೂರು ಸಣ್ಣ ಶೀಸೆ, ಬಾಗಿಲಲ್ಲಿ ಹಚ್ಚಲು ಒಂದು ದೊಡ್ಡದು. ಇಷ್ಟು ದೊಡ್ಡ ಕೆಲಸ ಇಪ್ಪತ್ತೆರಡು ವರ್ಷದಲ್ಲಿ ಬಂದಿರಲಿಲ್ಲ. ಅರ್ಧ ಹಣ ಮುಂಗಡವಾಗಿ ಕೊಟ್ಟರು.

ಆದರೆ ಅವರ ಹೆಂಡತಿ ವಿರೂಪಾಕ್ಷಮ್ಮನವರದು ಒಂದೇ ಷರತ್ತು. "ನಿಮ್ಮಪ್ಪ ಮಕ್ಬುಲಸಾಬರು ನಮ್ಮ ಮದುವ್ಯಾಗ ಹಚ್ಚಿದ್ರಲ್ಲ, ಅದ ಬೇಕು ನೋಡ್ರಿ. ನನ್ನ ಧಾರಿ ಸೀರ್ಯಾಗ ಆರು ವರ್ಷ ಇತ್ತು ಆ ವಾಸನಿ. ಇಪ್ಪತ್ತೆಂಟಕ್ಕ ಒಂದು ಶೀಸೆ ತಂದು ತೋರಸ್ರಿ. ಅದ ಇತ್ತಂದ್ರ ಎಲ್ಲಾ ನಿಮ್ಮದ. ಇರಲಿಲ್ಲಂದ್ರ ಹುಬ್ಬಳ್ಳಿಂದ ತರಸ್ತೀವಿ, ಸಿಟ್ಟಾಗಬ್ಯಾಡ್ರಿ."

ತೀರಿಹೋದ ಅಪ್ಪನ ಆ ಕೂಟಕ್ಕೆ ಗುಲಾಬಿ, ಲಾವಂಚ, ಗಂಧ. ಇಷ್ಟು ಎಲ್ಲರಿಗೂ ಗೊತ್ತು. ಯಾವುದು ಎಷ್ಟು ಎನ್ನುವುದು ಎಲ್ಲೂ ಬರೆದಿಲ್ಲ. ಪ್ರತಿ ಸಲವೂ ಎಣ್ಣೆ ಬೇರೆ ಬೇರೆ ಬರುತ್ತದೆ, ಅಳತೆಯಿಂದ ಆಗುವುದಿಲ್ಲ, ಮೂಸಿ ಮೂಸಿ ಕೂಡಿಸಬೇಕು. ನನ್ನ ಮೂಗಿಗೆ ಗೊತ್ತು. ಮೊದಲು ಈ ಗಾಡಿಯ ಗಬ್ಬು ತೊಲಗಬೇಕು.

ನವೆಂಬರ್ 13, ಬುಧವಾರ

ಕೂಡಿಸಲು ಕೂತೆ. ಕೂತದ್ದಷ್ಟೇ.

ಗಂಧದೆಣ್ಣೆ ಮೂಗಿಗೆ ಹಿಡಿದರೆ ಪೆಟ್ರೋಲ್ ಪಂಪಿನ ಮುಂದೆ ನಿಂತ ಹಾಗೆ. ಕೈ ನಾಲ್ಕು ಸಲ ತೊಳೆದೆ. ಸಾಬೂನೂ ಅದೇ ವಾಸನೆ. ಗಾಡಿಯ ಹ್ಯಾಂಡಲ್ಲಿನಿಂದ ಚರ್ಮದೊಳಗೇ ಇಳಿದಿದೆ. ಪೆಟ್ರೋಲು ಮುಚ್ಚಲಿ ಅಂತ ಲಾವಂಚ ಹಾಕಿದೆ, ಇನ್ನಷ್ಟು ಹಾಕಿದೆ, ಆಮೇಲೆ ಎಣಿಸುವುದು ಬಿಟ್ಟೆ. ಎದ್ದು ಹೋಗಿ ವಾಂತಿ ಮಾಡಿಕೊಂಡೆ.

ಜರೀನಾ ಗಾಜಿನ ಕಡ್ಡಿ ಎತ್ತಿ ಮೂಸಿ, "ಲಾವಂಚ ಭಾಳ ಆತಲ್ರಿ. ಕೆರಿ ಕೆಸರಿನಂಗ ಆಗೇತಿ" ಅಂದಳು.

ಅವಳು ಇಪ್ಪತ್ತು ವರ್ಷದಿಂದ ಶೀಸೆಗೆ ಬಿರಡೆ ಹಾಕುವವಳು, ಚೀಟಿ ಅಂಟಿಸುವವಳು. ಬಿರಡೆಯವರೆಲ್ಲ ಬುದ್ಧಿ ಹೇಳಿದರೆ ಬುಡ್ಡಿಯ ಗತಿ ಏನು? ಹಾಗೆಂದೇ ಅಂದೆ. ಪ್ರಾಸ ಕೂಡಿ ಬಂದದ್ದರಿಂದ ಎರಡು ಸಲ ಅಂದೆ.

ನವೆಂಬರ್ 14

ಚಹಾದಲ್ಲೂ ಅದೇ ನಾತ, ಚೆಲ್ಲಿಬಿಟ್ಟೆ. ಹೇಸಿಗೆ.

ನವೆಂಬರ್ 16, ಶನಿವಾರ

ಗಂಗಾವತಿ. ಯಂಕೇಶನಿಗೆ ಮೂವತ್ತು ಇರಬಹುದು. ಅಂಗಡಿಯಲ್ಲಿ ಎಣ್ಣೆಯ ಕಲೆ ಇಲ್ಲ, ಕುರ್ಚಿ ಇದೆ, ಫ್ಯಾನ್ ಇದೆ. ಇಂಥ ಸ್ವಚ್ಛ ಗ್ಯಾರೇಜನ್ನು ನಂಬುವುದು ಹೇಗೆ? ಆನೆಗೊಂದಿ ಕಡೆ ದೊಡ್ಡ ದೊಡ್ಡ ಗಾಡಿ ಓಡಿಸಲು ಬರುವವರೆಲ್ಲ ಇವನ ಗಿರಾಕಿಗಳಂತೆ.

"ಕಂಪನಿಯವರು ಎಲ್ಲಾರಿಗೂ ಒಂದ ಅಳತಿ ಅಂಗಿ ಹೊಲದಿರ್ತಾರ ಅಣ್ಣಾ. ನಾ ನಿಮ್ಮ ಮೈ ಅಳತಿ ತಗೊಂಡು ಹೊಲೀತೀನಿ. ಟ್ಯೂನಿಂಗ್ ಅಂದ್ರ ಇಷ್ಟ."

ಮಾತು ಹಿಡಿಸಿತು. ಅವನು ಸೈಲೆನ್ಸರಿನೊಳಗೆ ಒಂದು ಸರಳು ತೂರಿಸಿ, ಸೀಟಿನ ಕೆಳಗೊಂದು ವೈರು ಚುಚ್ಚಿ, ಗಾಡಿಯನ್ನು ನಿಂತಲ್ಲೇ ಹತ್ತು ನಿಮಿಷ ಓಡಿಸಿದ. ಪರದೆಯ ಮೇಲೆ ಗೆರೆಗಳು ಎದ್ದವು, ಬಿದ್ದವು. ನಾನು ಕರವಸ್ತ್ರ ಮೂಗಿಗೆ ಹಿಡಿದು ನಿಂತಿದ್ದೆ. ಕರವಸ್ತ್ರವೂ ನಾರುತ್ತಿತ್ತು.

"ಅಣ್ಣಾ, ಗಾಡಿ ಸರಿ ಐತಿ. ಪೆಟ್ರೋಲು ಎಷ್ಟು ಬೇಕೋ ಅಷ್ಟ ಕುಡಿಯಾಕತ್ತೈತಿ, ಎಲ್ಲಾ ಸುಡಾಕತ್ತೈತಿ. ನೋಡ್ರಿ ಇಲ್ಲಿ."

"ಮತ್ತ ಈ ನಾತ?"

"ನನಗ ಬರವಲ್ದು."

"ನಿನ್ನ ಮೀಟರಿಗೆ ಮೂಗು ಐತೇನೋ?"

"ಮೂಗು ಇಲ್ಲ ಅಣ್ಣಾ. ಅದಕ್ಕ ಅದು ಸುಳ್ಳು ಹೇಳಂಗಿಲ್ಲ."

ಎಂಥ ಉದ್ಧಟತನ! ನಾಲ್ಕು ಶೀಸೆ ಗಂಧದಲ್ಲಿ ಯಾವುದರಲ್ಲಿ ಒಂದು ಹನಿ ಕಲಬೆರಕೆ ಇದೆ ಎಂದು ಹೇಳಬಲ್ಲ ಮೂಗು ಇದು. ಇದರ ಮುಂದೆ ಚೀನಾದ ಸರಳು! ಅಷ್ಟಕ್ಕೂ ಕೊಡಲು ಬಂದ ಹನ್ನೆರಡು ಸಾವಿರವನ್ನು ಬೇಡ ಅನ್ನುವ ವ್ಯಾಪಾರಿಯನ್ನು ನಾನು ಈವರೆಗೆ ಕಂಡಿಲ್ಲ. ಕೆಲಸ ಬರದವನು ಮಾತ್ರ ಹಾಗೆ ಅನ್ನುತ್ತಾನೆ.

"ಮನಿಗೆ ಹೋಗಿ ವಿಚಾರ ಮಾಡ್ರಿ. ಬೇಕಂದ್ರ ಬುಧವಾರ ತಂದು ಬಿಡ್ರಿ. ಆದ್ರ ಸರಿ ಇದ್ದದ್ದನ್ನ ತಿದ್ದಾಕ ಹೋದ್ರ ಕೆಟ್ಟೀತು, ಆಮ್ಯಾಲ ನನ್ನ ಅನ್ನಬ್ಯಾಡ್ರಿ" ಅಂದ.

ನವೆಂಬರ್ 18, ಸೋಮವಾರ

ಎರಡು ದಿನ ವಿಚಾರ ಮಾಡಿದೆ. ಕೊಡಬೇಕೆ, ಬಿಡಬೇಕೆ? ಕೊಟ್ಟರೆ ಮುಂಗಡ ಹಣದಲ್ಲೇ ಕೊಡಬೇಕು, ಶೀಸೆಗೆ, ಗಂಧಕ್ಕೆ ಕೈ ಬಿಗಿಯಾಗುತ್ತದೆ. ಬಿಟ್ಟರೆ ಕೂಟ ಕೂಡಿಸಲು ಆಗುವುದಿಲ್ಲ, ಮುಂಗಡವನ್ನೇ ಹಿಂದಿರುಗಿಸಬೇಕು. ಜೊತೆಗೆ ಕುಷ್ಟಗಿಯಲ್ಲಿ ಅಪ್ಪನ ಹೆಸರು ಮುಗಿಯುತ್ತದೆ.

ಜರೀನಾಳನ್ನು ಕೇಳಿದೆ. "ಗಾಡಿ ನಾರಂಗಿಲ್ರಿ" ಅಂದಳು.

"ಎಲ್ಲಾರೂ ಕೂಡಿ ಮಾತಾಡ್ಕೊಂಡೀರೇನು?"

"ಡಾಕ್ಟರ್ ಕಡೆ ಒಮ್ಮಿ ಹೋಗಿ ಬರೂಣಲ್ಲ?"

ಗಾಡಿ ಕೆಟ್ಟರೆ ಡಾಕ್ಟರು! ನಾಳೆ ಎಮ್ಮೆ ಈಯದಿದ್ದರೆ ತಹಶೀಲ್ದಾರರ ಕಡೆ ಹೋಗೋಣ.

ಇನ್ನೊಂದು ಅಸಹ್ಯ. ಪೆಟ್ಟಿಗೆಯ ಶೀಸೆಗಳ ಬಿರಡೆಗಳು ಬೆಳಿಗ್ಗೆ ಸಡಿಲವಾಗಿರುತ್ತವೆ. ಕೆಲವುಗಳಲ್ಲಿ ಎಣ್ಣೆ ಇಳಿದಿದೆ, ಕೆಲವುಗಳಲ್ಲಿ ಏರಿದೆ. ಮನೆಯಲ್ಲಿ ಇಲಿ ಇದೆ. ಈ ಮನೆಯ ಇಲಿಗೂ ಅತ್ತರು ಬೇಕು. ಸಂತೆಯ ಗಿರಾಕಿಗಳು ಮಾತ್ರ "ಈ ಸಲದ ಮಾಲು ಭಾರಿ ಐತಿ" ಅನ್ನುತ್ತಿದ್ದಾರೆ. ಇಲಿ ಬಾಯಿ ಹಾಕಿದ, ಪೆಟ್ರೋಲು ಬೆರೆತ ಮಾಲು ಭಾರಿಯಂತೆ. ಇಂಥವರಿಗಾಗಿ ನಾನು ಇಪ್ಪತ್ತೆರಡು ವರ್ಷ ಒಳ್ಳೆಯದನ್ನು ಮಾರಿದೆ.

ಕೊಡುವುದೇ ಸರಿ. ನಿರ್ಧರಿಸಿದೆ.

ನವೆಂಬರ್ 20, ಬುಧವಾರ

ಗಾಡಿ ಬಿಟ್ಟು ಬಂದೆ. ಐದು ಸಾವಿರ ಮೊದಲು, ಉಳಿದದ್ದು ಕೆಲಸವಾದ ಮೇಲೆ. ಯಂಕೇಶ ಹಣ ತೆಗೆದುಕೊಳ್ಳುವಾಗ ಔಷಧ ಕುಡಿಯುವವನ ಮುಖ ಮಾಡಿದ. "ಶನಿವಾರ ಬರ್ರಿ ಅಣ್ಣಾ. ಅಲ್ಲೀತನ ಗಾಡಿ ಇಲ್ಲೆ ಇರ್ತೈತಿ. ನೀವು ಅಲ್ಲೆ ಇರ್ತೀರಿ. ನೋಡೂಣು" ಅಂದ. ಏನು ನೋಡುವುದೋ.

ಬಸ್ಸಿನಲ್ಲಿ ಬಂದೆ. ಬಸ್ಸು ನಾರುತ್ತಿತ್ತು. ಸರಕಾರಿ ಬಸ್ಸು, ನಾರುವುದು ಅದರ ಹಕ್ಕು.

ನವೆಂಬರ್ 21, ಗುರುವಾರ

ಬೇವೂರಿಗೆ ಒಂದು ಮನೆಗೆ ಕಣ್ಣಿಗೆ ಹಚ್ಚುವ ಸುರಮಾ ಮತ್ತು ಅತ್ತರು ಮುಟ್ಟಿಸುವುದಿತ್ತು. ಬಸ್ಸಿಳಿದು ಹೊಲದ ಹಾದಿ ಹಿಡಿದೆ. ಎರಡೂ ಕಡೆ ಕಡಲೆ, ಜೋಳ. ಟ್ರ್ಯಾಕ್ಟರ್ ಇಲ್ಲ, ಗಾಡಿ ಇಲ್ಲ, ದೂರದಲ್ಲಿ ಒಂದು ಎತ್ತು. ಗಾಳಿ ಪೂರ್ತಿ ಪೆಟ್ರೋಲು.

ಎತ್ತಿನ ಕಡೆಯಿಂದ ಬರುತ್ತಿದೆ ಎಂದುಕೊಳ್ಳಲು ನೋಡಿದೆ. ಆಗಲಿಲ್ಲ. ಅಂಗಿಯದೇ ಇರಬೇಕು.

ನವೆಂಬರ್ 22, ಶುಕ್ರವಾರ

ತಲೆಗೆ ಸ್ನಾನ. ಟ್ರಂಕಿನಿಂದ ತೆಗೆದ ಹೊಸ ಅಂಗಿ. ಬರಿಗಾಲಲ್ಲಿ ಮಸೀದಿ. ಸಾಲಿನಲ್ಲಿ ನನ್ನ ಎಡಕ್ಕೆ ಹಣ್ಣಿನ ಅಂಗಡಿಯ ಮಾಜೀದ. ಕಿವಿಯ ಮಡಿಕೆಯಲ್ಲಿ ಹತ್ತಿಯ ಫಾಯಾ, ನಾನೇ ಮಾರಿದ ಕೇದಗೆಯ ಅತ್ತರು. ಸಜ್ದಾಕ್ಕೆ ಬಗ್ಗಿದರೆ ಇಡೀ ಜಮಖಾನೆ ಅರ್ಧ ಸುಟ್ಟ ಪೆಟ್ರೋಲಿನಂತೆ ನಾರಿತು. ದೇವರ ಮನೆಯಲ್ಲಿ ಓಕರಿಕೆ ಬಂತು. ಹಣೆ ನೆಲಕ್ಕಿಟ್ಟು ಉಸಿರು ಬಿಗಿಹಿಡಿದೆ. ಏನು ಓದಿದೆನೋ ನೆನಪಿಲ್ಲ.

ಗಾಡಿ ಗಂಗಾವತಿಯಲ್ಲಿದೆ.

ಮನೆಗೆ ಬಂದು ಗೋಡೆಗೆ ಒರಗಿ ಕೂತೆ. ಜರೀನಾ ಐದು ಫಾಯಾ ಮಾಡಿ ತಟ್ಟೆಯಲ್ಲಿಟ್ಟುಕೊಂಡು ಬಂದಳು. "ಕಣ್ಣು ಮುಚ್ಚರಿ."

ಮೊದಲನೆಯದು ಪೆಟ್ರೋಲು. ಎರಡನೆಯದೂ. ಮೂರನೆಯದು ಸ್ವಲ್ಪ ಸುಟ್ಟ ಪೆಟ್ರೋಲು. ನಾಲ್ಕನೆಯದು ಪೆಟ್ರೋಲು. ಐದನೆಯದು, ಪೆಟ್ರೋಲು.

"ಗುಲಾಬಿ, ಲಾವಂಚ, ಗಂಧ, ಮಲ್ಲಿಗಿ" ಅಂದಳು. ಕೊನೆಯ ಫಾಯಾ ಬಿಡಿಸಿ ತೋರಿಸಿ, "ಕಡೀದು ಬರೇ ಹತ್ತಿ" ಅಂದಳು.

ಮೂಗು. ಇಪ್ಪತ್ತೆರಡು ವರ್ಷದ ಮೂಗು.

"ನಿನಗ ಯಾವಾಗಿಂದ ಗೊತ್ತು?"

"ನೀವು ಉಳ್ಳಾಗಡ್ಡಿಗೆ ಟಯರ್ ಅಂದಾಗಿಂದ."

"ಮತ್ತ ಆ ಶೀಸೆ? ಇಲಿ?"

"ಇಲಿ ನಾನ ರೀ. ರಾತ್ರಿ ಎದ್ದು ತಿದ್ದತಿದ್ದೆ. ನೀವು ಕೂಡಿಸಿದ್ದು ಹಂಗ ಒಯ್ದಿದ್ರ ಸಂತ್ಯಾಗ ಕಲ್ಲು ಒಗೀತಿದ್ರು."

ನವೆಂಬರ್ 23, ಶನಿವಾರ

ಬೆಳಿಗ್ಗೆ ಕಿವಿ-ಮೂಗಿನ ಡಾಕ್ಟರು. ಜ್ವರ ಹೋಗುವಾಗ ವಾಸನೆಯ ನರಗಳನ್ನು ಕೆಡಿಸಿ ಹೋಗಿದೆಯಂತೆ. ಅವು ಮತ್ತೆ ಬೆಳೆಯಬೇಕು, ಬೆಳೆಯುವಾಗ ತಪ್ಪು ತಪ್ಪು ಸುದ್ದಿ ಕಳಿಸುತ್ತವೆ. ಆರು ತಿಂಗಳಿಗೆ ಸರಿಯಾಗಬಹುದು, ವರ್ಷ ಆಗಬಹುದು, ಆಗದೆಯೂ ಇರಬಹುದು. ಉಪಚಾರ ಏನೆಂದರೆ ದಿನಕ್ಕೆರಡು ಸಲ ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಒಂದೊಂದನ್ನೇ ಮೂಸಿ ಅದರ ನಿಜವಾದ ವಾಸನೆಯನ್ನು ನೆನೆಯಬೇಕು.

ನಾನು ಹೊಟ್ಟೆಪಾಡಿಗೆ ಮಾಡುತ್ತಿದ್ದುದನ್ನೇ ಅವರು ಚೀಟಿಯಲ್ಲಿ ಬರೆದುಕೊಟ್ಟು ಮುನ್ನೂರು ತೆಗೆದುಕೊಂಡರು.

ಮಧ್ಯಾಹ್ನ ಗಂಗಾವತಿ. ಗಾಡಿ ಬಿಟ್ಟಲ್ಲೇ ನಿಂತಿತ್ತು, ಸೀಟನ್ನೂ ಬಿಚ್ಚಿರಲಿಲ್ಲ. ಯಂಕೇಶ ಡ್ರಾವರ್‌ನಿಂದ ನನ್ನ ಐದು ಸಾವಿರ ತೆಗೆದ. ನಾನು ಕಟ್ಟಿದ ರಬ್ಬರ್ ಬ್ಯಾಂಡ್ ಹಾಗೆಯೇ ಇತ್ತು.

"ಮೂರು ದಿನ ಗಾಡಿ ಇಲ್ಲದ ಇದ್ರಲ್ಲ. ನಾತ ಹೋತೇನಣ್ಣಾ?"

"ಇಲ್ಲ."

"ಹಂಗಾದ್ರ ಮೀಟರ್ ಸುಳ್ಳು ಹೇಳಿಲ್ಲ."

ಹಣ ಎಣಿಸದೆ ಜೇಬಿಗಿಟ್ಟೆ. ಅವನ ಅಂಗಡಿಯ ಬಗ್ಗೆ ಹಿಂದೆ ಬರೆದದ್ದನ್ನು ಹೊಡೆದುಹಾಕಬೇಕು. ಹೊಡೆಯುವುದಿಲ್ಲ, ಇರಲಿ.

ನವೆಂಬರ್ 26, ಮಂಗಳವಾರ

ಜರೀನಾ ಕೂಡಿಸಿದಳು. ನಾನು ಎದುರಿಗೆ ಕೂತು ಹೇಳುತ್ತಿದ್ದೆ: ಮೊದಲು ಗಂಧ, ಅದು ನೆಲ, ಮೇಲೆ ಲಾವಂಚ, ಅದು ನೀರು, ಕೊನೆಗೆ ಗುಲಾಬಿ, ಅದು ಹೆಸರಿಗೆ ಮಾತ್ರ. ಅವಳು ಒಮ್ಮೆ ನಿಲ್ಲಿಸಿ, "ಇದನ್ನ ಇಷ್ಟು ವರ್ಷ ಯಾಕ ಹೇಳಲಿಲ್ರಿ?" ಅಂದಳು.

ಕೇಳಲಿಲ್ಲವಲ್ಲ ಎಂದೆ. ಹದಿಮೂರರಂದು ಲಾವಂಚ ಭಾಳ ಆತು ಅಂದಾಗ ಬಾಯಿ ಮುಚ್ಚಿಸಿದವನು ನಾನೇ.

ಮುಗಿದ ಮೇಲೆ ಅವಳು ಕಡ್ಡಿ ಮೂಸಿ ಅಳುವ ಹಾಗಾದಳು. "ಮಾಮಾ ಬಾಗಲದಾಗ ನಿಂತಂಗ ಆತ್ರಿ" ಅಂದಳು. ಅಪ್ಪನನ್ನು ಅವಳು ಹಾಗೇ ಕರೆಯುತ್ತಿದ್ದುದು. ನಾನೂ ಮೂಸಿದೆ. ಪಂಪು.

ನವೆಂಬರ್ 28, ಗುರುವಾರ

ಇವತ್ತಿನದು ಬರೆಯಲು ಕೈ ಬರುತ್ತಿಲ್ಲ.

ಇಬ್ಬರೂ ಗಾಡಿಯ ಮೇಲೆ ಕುಷ್ಟಗಿಗೆ ಹೋದೆವು. ಪೆಟ್ಟಿಗೆ ನಮ್ಮಿಬ್ಬರ ನಡುವೆ. ವಿರೂಪಾಕ್ಷಮ್ಮನವರು ಹೊರಗೆ ಬಂದು ಜಗುಲಿಯ ಮೇಲೆ ಕೂತರು. ನಾನೇ ಶೀಸೆ ತೆರೆದೆ, ನಾನೇ ಕಡ್ಡಿ ಅದ್ದಿ ಅವರ ಕೈಗೆ ಹಚ್ಚಿದೆ. ಅವರು ಕೈ ಮೂಗಿಗೊಯ್ದರು. ಎಷ್ಟು ಹೊತ್ತಾದರೂ ಇಳಿಸಲಿಲ್ಲ.

"ಅದ" ಅಂದರು. "ಅದ ನೋಡ್ರಿ. ಯಾರು ಕೂಡಿಸಿದ್ದು?"

ಜರೀನಾ ನನ್ನ ಹಿಂದೆ ನಿಂತಿದ್ದಳು. ಹೇಳಲು ಒಂದೇ ಹೆಸರಿತ್ತು, ಮೂರೇ ಅಕ್ಷರ. ನಾನು "ನಾನ ರೀ. ನಮ್ಮಪ್ಪ ಕಲಿಸಿದ್ದು" ಎಂದೆ.

ಕೊಪ್ಪಳದವರೆಗೆ ಅವಳು ನನ್ನ ಹೆಗಲು ಬಿಟ್ಟು ಪೆಟ್ಟಿಗೆ ಹಿಡಿದು ಕೂತಳು. ಗಾಡಿ ಅಡ್ಡಿ ಇಲ್ಲದೆ, ಒಂದು ಕೆಮ್ಮೂ ಇಲ್ಲದೆ ಓಡಿತು. ಒಂದು ಕಡೆ ಕೆಟ್ಟು ನಿಲ್ಲಲಿ, ಇಳಿದು ಏನಾದರೂ ರಿಪೇರಿ ಮಾಡುವವನಂತೆ ಬಗ್ಗಿ ಕೂರಬಹುದು ಎಂದು ಬೇಡಿಕೊಂಡೆ. ನಿಲ್ಲಲಿಲ್ಲ.

ಒಂದು ತಿಂಗಳು ಎಲ್ಲದಕ್ಕೂ ಹೇಸಿದೆ. ಇವತ್ತಿನ ನನ್ನ ಬಾಯಿಗಿಂತ ಹೇಸಿಗೆಯದು ಸಿಕ್ಕಿರಲಿಲ್ಲ.

ನವೆಂಬರ್ 29, ಶುಕ್ರವಾರ

ಬೆಳಿಗ್ಗೆ ಜರೀನಾಳ ಎದುರಿಗೇ ಕೂತು ಕುಷ್ಟಗಿಗೆ ಫೋನ್ ಮಾಡಿದೆ.

"ಅಮ್ಮಾರ, ನಿನ್ನೆ ಸುಳ್ಳು ಹೇಳಿದೆ ರೀ. ಕೂಡಿಸಿದ್ದು ನಾನಲ್ಲ, ನನ್ನ ಹೆಂಡತಿ. ನನಗ ವಾಸನಿ ಹೋಗೇತಿ. ಮುಂಗಡ ವಾಪಸ್ ಬೇಕಂದ್ರ ಕೊಡ್ತೀನಿ."

ಆ ಕಡೆ ಅವರು ನಕ್ಕರು.

"ನಮಗ ನಿನ್ನೆನ ಗೊತ್ತಾತಲ್ರಿ ವಾಹೀದಸಾಬ್ರ. ಬಿರಡಿ ತಗದಾಗ ನೀವು ಮಾರಿ ಹಿಂಗ ಕಿವಿಚಿದ್ರಿ. ಸತ್ತ ಹೆಗ್ಗಣ ಕಂಡವರಂಗ! ತಾ ಮಾಡಿದ ಅತ್ತರಿಗೆ ಯಾರರ ಹಂಗ ಮೂಗು ಮುರೀತಾರೇನ್ರಿ? ಹಿಂದ ನಿಂತಾಕಿ ಮಾತ್ರ ನನ್ನ ಕೈ ಬಿಟ್ಟು ಬ್ಯಾರೆ ಏನೂ ನೋಡಲಿಲ್ಲ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಮುಂಗಡ ಇರಲಿ. ಮದುವಿ ದಿನ ಬಾಗಲದಾಗ ಹಚ್ಚಾಕ ಅಕೀನ್ನ ಕಳಸ್ರಿ. ನೀವು ಬಾಗಲದಾಗ ನಿಂತು ಆ ಮಾರಿ ಮಾಡಿದ್ರ ಬೀಗರು ಹೊಳ್ಳಿ ಹೋದಾರು!"

ಫೋನ್ ಇಟ್ಟೆ. ಜರೀನಾ, "ಏನಂದ್ರು?" ಅಂದಳು.

"ಮದುವಿ ದಿನ ಬಾಗಲದಾಗ ನೀ ನಿಲ್ಲಬೇಕಂತ."

"ನೀವು?"

"ನಾ ಹೊರಗ. ಗಾಡಿ ಕಡೆ."

ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ಹೋಗ್ರಿ, ಹೊರಗ ನಿಂತು ಅದರ ತಪ್ಪು ಹುಡಕ್ರಿ" ಅಂದಳು. ಒಳಗೆ ಹೋದ ಮೇಲೆ ಅವಳು ನಕ್ಕದ್ದು ಕೇಳಿಸಿತು. ಕಿವಿ ಸರಿಯಾಗಿಯೇ ಇದೆ.